ಕರಾರು ಪತ್ರದಲ್ಲಿ ಯಾರ ಹೆಸರು?

ಜರ್ಮನಿಯ ರಾಮ್‌ಸ್ಟೈನ್ ವಾಯುನೆಲೆಗೆ ವರ್ಗವಾಗಿ ಬರುವ ಅಮೆರಿಕದ ಸಾರ್ಜೆಂಟ್‌ಗೆ ಮನೆ ಬಾಡಿಗೆಗೆಂದು ಅವನ ಸರ್ಕಾರ ಹೆಚ್ಚೆಂದರೆ ಎಷ್ಟು ಕೊಡುತ್ತದೆ ಎನ್ನುವುದು ಗುಟ್ಟಿನ ವಿಷಯವೇನಲ್ಲ. ಊರು ಯಾವುದು, ಹುದ್ದೆ ಏನು, ಸಂಸಾರ ಜೊತೆಗಿದೆಯೇ ಎಂದು ತುಂಬಿದರೆ ಅಮೆರಿಕದ ಸೇನಾ ಇಲಾಖೆಯ ಜಾಲತಾಣವೇ ಅಂಕಿ ತೋರಿಸಿಬಿಡುತ್ತದೆ. ಸಾರ್ಜೆಂಟ್ ನೋಡಿಕೊಳ್ಳಲಿ ಎಂದು ಇಟ್ಟಿದ್ದು ಅದು. ಮನೆ ಮಾಲೀಕರಿಗೂ ಬ್ರೋಕರುಗಳಿಗೂ ಕಣ್ಣಿದೆಯಲ್ಲ. ಬಂದವನ ಹುದ್ದೆ ಯಾವುದು ಎಂದು ತಿಳಿದರೆ ಸಾಕು, ಬಾಡಿಗೆ ಎಷ್ಟು ಹೇಳಬೇಕೆಂದು ತಲೆ ಕೆಡಿಸಿಕೊಳ್ಳಬೇಕಾದ್ದಿಲ್ಲ.

ಈ ಭತ್ಯೆಗೆ ಓವರ್‌ಸೀಸ್ ಹೌಸಿಂಗ್ ಅಲವೆನ್ಸ್ ಎಂದು ಹೆಸರು. ಪಡೆಯುವವರ ಬಾಯಲ್ಲಿ ಒಎಚ್‌ಎ. ಅಮೆರಿಕದ ಒಳಗೇ ಇರುವ ಸೈನಿಕನಿಗೆ ಸಿಗುವ ವಸತಿ ಭತ್ಯೆಯ ಬಗೆ ಬೇರೆ. ಅಲ್ಲಿ ಊರಿಗಿಷ್ಟು, ಹುದ್ದೆಗಿಷ್ಟು ಎಂದು ನಿಗದಿ. ಅಗ್ಗದ ಮನೆ ಹಿಡಿದರೆ ಉಳಿದದ್ದು ಅವನ ಜೇಬಿಗೆ. ವಿದೇಶದಲ್ಲಿ ಹಾಗಲ್ಲ. ಕರಾರು ಪತ್ರದಲ್ಲಿ ಬರೆದ ಬಾಡಿಗೆಯನ್ನು ಒಂದು ಗರಿಷ್ಠ ಮಿತಿಯವರೆಗೆ ಸರ್ಕಾರ ಕಟ್ಟಿಕೊಡುತ್ತದೆ. ಮಿತಿ 1,800 ಯೂರೋ, ಮನೆ 1,400ಕ್ಕೆ ಸಿಕ್ಕಿತು ಎಂದುಕೊಳ್ಳಿ. ಉಳಿದ 400 ಸೈನಿಕನಿಗೆ ಬರುವುದಿಲ್ಲ. ಹಾಗಿದ್ದ ಮೇಲೆ ಅವನು ಚೌಕಾಸಿಗೆ ಇಳಿಯುವುದಾದರೂ ಏಕೆ? ಅದೇ 1,800ಕ್ಕೆ ಇನ್ನೊಂದು ಕೋಣೆ, ಒಂದಿಷ್ಟು ಹಿತ್ತಲು ಇರುವ ಮನೆ ಕೇಳುವುದು ಜಾಣತನ. ಮಾಲೀಕನ ಜಾಣತನವೂ ಅದೇ ದಾರಿ ಹಿಡಿಯುತ್ತದೆ. ಇನ್ನು ಆ ಮಿತಿಯನ್ನು ಗೊತ್ತುಮಾಡುವುದು ಹೇಗೆ? ಆ ಊರಿನಲ್ಲಿ ಸೈನಿಕರು ಈಗಾಗಲೇ ಕೊಡುತ್ತಿರುವ ಬಾಡಿಗೆಗಳನ್ನು ಒಟ್ಟುಹಾಕಿ, ಸಂಸಾರಸ್ಥರಲ್ಲಿ 100ಕ್ಕೆ 80 ಮಂದಿಯ ಬಾಡಿಗೆ ಪೂರ್ತಿ ತುಂಬುವಂತೆ ಗೆರೆ ಎಳೆಯುತ್ತಾರೆ. ಮಿತಿ ನೋಡಿ ಬಾಡಿಗೆ ಏರುತ್ತದೆ, ಏರಿದ ಬಾಡಿಗೆ ನೋಡಿ ಮುಂದಿನ ಮಿತಿ ಏರುತ್ತದೆ. ಇದಕ್ಕೆ ಯಾರೂ ಮೋಸ ಮಾಡಬೇಕಾಗಿಲ್ಲ, ಎಲ್ಲರೂ ನಿಯಮದ ಪ್ರಕಾರ ನಡೆದುಕೊಂಡರೆ ಸಾಕು. ದುಡ್ಡು ಒಬ್ಬರದು, ಮಾತುಕತೆ ಇನ್ನೊಬ್ಬರದು ಆದಾಗ ಏನಾಗುತ್ತದೆ ಎನ್ನುವುದು, ಬಾಡಿಗೆ ಕಂಪನಿ ಕಟ್ಟುತ್ತದೆ ಎಂದ ಕೂಡಲೇ ದನಿ ಬದಲಿಸುವ ಮಾಲೀಕರನ್ನು ಬೆಂಗಳೂರಿನಲ್ಲಿ ಕಂಡವರಿಗೆ ಗೊತ್ತು.

ಸೈನಿಕನ ಸಂಸಾರವನ್ನು ಪರದೇಶಕ್ಕೆ ಕಳಿಸುವ ಸರ್ಕಾರ ಅವನ ಕೈಗೆ ಭತ್ಯೆ ಇಟ್ಟು ಮನೆ ನೀನೇ ಹುಡುಕಿಕೋ ಎನ್ನಬಾರದು. ಅವರನ್ನೆಲ್ಲ ತಂತಿಬೇಲಿಯೊಳಗೆ ಒಂದು ಪುಟ್ಟ ಅಮೆರಿಕ ಕಟ್ಟಿ ಕೂಡಿಹಾಕಲೂ ಬಾರದು. ಊರಿನ ನಡುವೆ ಚದುರಿದಂತಿರುವ ಮನೆಗಳನ್ನು ಸರ್ಕಾರ ತನ್ನದೇ ಹೆಸರಿನಲ್ಲಿ ಹಲವು ವರ್ಷಗಳ ಅವಧಿಗೆ ಬಾಡಿಗೆಗೆ ಹಿಡಿದು, ಬಂದು ಹೋಗುವ ಕುಟುಂಬಗಳಿಗೆ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ. ಸೈನಿಕ ಮೂರು ವರ್ಷಕ್ಕೆ ಹೊರಡುತ್ತಾನೆ, ನೆಲೆ ಎಪ್ಪತ್ತು ವರ್ಷದಿಂದ ಅಲ್ಲೇ ಇದೆ. ಬಾಡಿಗೆದಾರನಾಗಲು ಇವರಿಬ್ಬರಲ್ಲಿ ಯಾರು ಯೋಗ್ಯರು?

ಮನೆ ಹುಡುಕುವ ಕಷ್ಟವನ್ನು ಮೊದಲು ಕುಟುಂಬದ ಕಡೆಯಿಂದ ನೋಡೋಣ. ರಾಮ್‌ಸ್ಟೈನ್, ಲಾಂಡ್‌ಶ್ಟೂಲ್, ಕೈಸರ್ಸ್‌ಲೌಟರ್ನ್ ಸುತ್ತಮುತ್ತ ಸೈನಿಕರು, ಅವರ ಮನೆಯವರು, ಸಿವಿಲಿಯನ್ ನೌಕರರು ಎಲ್ಲ ಸೇರಿ 50,000ದಷ್ಟು ಅಮೆರಿಕನ್ನರಿದ್ದಾರೆ. ಅಮೆರಿಕದ ಹೊರಗೆ ಅವರ ಇಷ್ಟು ದೊಡ್ಡ ಸೈನಿಕ ಬಿಡಾರ ಇನ್ನೊಂದಿಲ್ಲ. ಹೊಸದಾಗಿ ಬಂದ ಸಂಸಾರ ಮೊದಲು ಇಳಿಯುವುದು ಹೋಟೆಲ್‌ನಲ್ಲೋ ನೆಲೆಯ ಅತಿಥಿಗೃಹದಲ್ಲೋ. ಅದಕ್ಕೆ ತಾತ್ಕಾಲಿಕ ವಸತಿ ಭತ್ಯೆಯುಂಟು, ಸಾಮಾನ್ಯವಾಗಿ 60 ದಿನಗಳವರೆಗೆ. ಗಂಡ ಡ್ಯೂಟಿಗೆ ಹೋಗುತ್ತಾನೆ. ಹೆಂಡತಿ ಒಂದು ಕೋಣೆಯಲ್ಲಿ ಇಬ್ಬರು ಮಕ್ಕಳನ್ನೂ ಒಂದು ನಾಯಿಯನ್ನೂ ಇಟ್ಟುಕೊಂಡು, ಗೊತ್ತಿಲ್ಲದ ಭಾಷೆಯಲ್ಲಿ ಮನೆಗಳ ಜಾಹೀರಾತು ಓದುತ್ತಾಳೆ.

ಮನೆ ಸಿಕ್ಕಿದ ಮೇಲೆ ಇನ್ನೊಂದು ಆಘಾತ. ಜರ್ಮನಿಯಲ್ಲಿ ಖಾಲಿ ಮನೆ ಎಂದರೆ ನಿಜಕ್ಕೂ ಖಾಲಿ. ಅಡುಗೆಕೋಣೆ ಎಂದು ತೋರಿಸುವ ಜಾಗದಲ್ಲಿ ನಾಲ್ಕು ಗೋಡೆ, ಒಂದು ನೀರಿನ ಕೊಳವೆ. ಕಟ್ಟೆ, ಸಿಂಕು, ಒಲೆ ಎಲ್ಲವನ್ನೂ ಹಿಂದಿನ ಬಾಡಿಗೆದಾರ ಕಳಚಿಕೊಂಡು ಹೋಗಿರುತ್ತಾನೆ. ಸೂರಿನಿಂದ ಬಲ್ಬಿಲ್ಲದ ವೈರು ಜೋತಾಡುತ್ತಿರುತ್ತದೆ. ಮಲಗುವ ಕೋಣೆಗೆ ಗೋಡೆಬೀರು ಇರುವುದಿಲ್ಲ. ನೆಲೆಯ ಪೀಠೋಪಕರಣ ಕಚೇರಿ ಬೀರು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರವನ್ನು ಎರವಲು ಕೊಡುತ್ತದೆ ಎನ್ನುವುದೊಂದು ಸಮಾಧಾನ. ತವರಿನಿಂದ ಹಡಗಿನಲ್ಲಿ ತಂದ ಮಿಕ್ಸರು, ಕಾಫಿ ಯಂತ್ರಗಳು ಇಲ್ಲಿನ ಕರೆಂಟಿಗೆ ಆಗುವುದಿಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 220ರ ಮೇಲೆ; ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಪ್ರತಿ ಪ್ಲಗ್ಗಿನ ಪಕ್ಕದಲ್ಲೂ ಕೂರಬೇಕು. ಚಳಿಗಾಲದಲ್ಲಿ ದಿನಕ್ಕೆರಡು ಸಲ ಕಿಟಕಿಗಳನ್ನೆಲ್ಲ ಹಾರುಹೊಡೆದು ಗಾಳಿ ಆಡಿಸದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಹಿಡಿದರೆ ತಪ್ಪು ಬಾಡಿಗೆದಾರನದು ಎಂದು ಮಾಲೀಕ, ಕಟ್ಟಡದ್ದು ಎಂದು ಬಾಡಿಗೆದಾರ. ಮನೆ ಬಿಡುವಾಗ ಗೋಡೆಗೆ ಬಣ್ಣ ಬಳಿಸಿಕೊಡುವ ಜಗಳ ಬೇರೆ. ನೀರು, ಕಸ, ಮನೆ ಬೆಚ್ಚಗಿಡುವ ವ್ಯವಸ್ಥೆಯ ವಾರ್ಷಿಕ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಎಷ್ಟೋ ಕುಟುಂಬಗಳು ಟೆಕ್ಸಸ್ಸಿನಲ್ಲೋ ಒಕಿನಾವಾದಲ್ಲೋ ಇರುತ್ತವೆ.

ಠೇವಣಿಯ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ಬೆಂಗಳೂರಿನವರು ಕರುಬಬೇಕು. ಅಲ್ಲಿ ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ, ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು, ಬಿಡುವಾಗ ಪೇಂಟಿಂಗ್ ಎಂದು ಅದರಲ್ಲೂ ಕಡಿತ ಮಾಡಿಸಿಕೊಂಡವರಿಗೆ ಇದು ಬೇರೆ ಲೋಕದ ಮಾತು.

ಇನ್ನು ಊರಿನವರ ಕಡೆ. ಅಮೆರಿಕದ ಸೈನಿಕನಿಗಿರುವ ಭತ್ಯೆ ಅದೇ ಬೀದಿಯ ಜರ್ಮನ್ ನರ್ಸಿಗೋ ಬಸ್ ಚಾಲಕನಿಗೋ ಇಲ್ಲ. ದೊಡ್ಡ ಮನೆಗಳ ಮಾಲೀಕರು ಅಮೆರಿಕನ್ನರಿಗಾಗಿಯೇ ಕಾದು ಕೂತರೆ ಇವರು ಇನ್ನೂ ದೂರದ ಹಳ್ಳಿಗೆ ಸರಿಯಬೇಕು. ಆದರೆ ಇದನ್ನು ಊರಿನವರಿಗೆ ಆದ ಶುದ್ಧ ಅನ್ಯಾಯ ಎಂದು ಬರೆದರೆ ಅರ್ಧ ಸತ್ಯ ಆದೀತು. ಆ ಮಾಲೀಕರೂ ಊರಿನವರೇ, ಎಷ್ಟೋ ಕಡೆ ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟು ಬದುಕುವ ನಿವೃತ್ತರು. ಕೈಸರ್ಸ್‌ಲೌಟರ್ನ್ ಸೀಮೆ ಜರ್ಮನಿಯ ಶ್ರೀಮಂತ ಭಾಗವೇನೂ ಅಲ್ಲ. 2020ರ ಜುಲೈನಲ್ಲಿ ಜರ್ಮನಿಯಿಂದ ಸುಮಾರು 12,000 ಸೈನಿಕರನ್ನು ಹಿಂದಕ್ಕೆ ಕರೆಸುತ್ತೇವೆಂದು ಅಮೆರಿಕ ಘೋಷಿಸಿದಾಗ ನೆಲೆಗಳಿರುವ ಊರುಗಳು ಗಾಬರಿಯಾದವು. ಮುಂದಿನ ವರ್ಷ ಹೊಸ ಅಧ್ಯಕ್ಷರು ಅದನ್ನು ತಡೆಹಿಡಿದಾಗ ನಿಟ್ಟುಸಿರು ಬಿಟ್ಟವು. ನೆಲೆಯ ಮೇಲೆ ಗೊಣಗುವುದೂ ಅದನ್ನೇ ನೆಚ್ಚಿ ಬದುಕುವುದೂ ಅಲ್ಲಿ ಒಟ್ಟಿಗೇ ನಡೆದಿದೆ.

ಭತ್ಯೆಯ ಪದ್ಧತಿ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಮೇಲಿನ ಸಿಟ್ಟು ತುಸು ಇಳಿಯುತ್ತದೆ. ಅದಕ್ಕೆ ಮುಂಚಿನ ಪದ್ಧತಿಗಳು ಇದಕ್ಕಿಂತ ಒರಟಾಗಿದ್ದವು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರ ಏಪ್ರಿಲ್ ಕೊನೆಗೆ, ಅಮೆರಿಕದ ಸೈನಿಕರ ಹೆಂಡತಿ ಮಕ್ಕಳನ್ನು ಹೊತ್ತ ಮೊದಲ ಹಡಗು ಬ್ರೆಮರ್‌ಹಾಫನ್ ಬಂದರಿಗೆ ಬಂತು. ಬಾಂಬಿಗೆ ಸಿಕ್ಕಿ ಅರ್ಧಕ್ಕರ್ಧ ನೆಲಸಮವಾದ ನಗರಗಳವು. ಬಂದವರಿಗೆ ಮನೆ ಕೊಡಲು ಸೇನೆ ಉಳಿದಿದ್ದ ಒಳ್ಳೆಯ ಮನೆಗಳನ್ನು ವಶಪಡಿಸಿಕೊಂಡಿತು. ಮನೆಯವರು ಹೊರಗೆ, ಮಂಚ ಕುರ್ಚಿ ಒಳಗೆ. ಸೋತ ದೇಶದವರು, ಕೇಳುವವರಿಲ್ಲ. ಹಾಗೆ ಹೊರಬಿದ್ದವರು ಸಂಘ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಬೇಕಾಯಿತು.

ನಮ್ಮ ನೆಲದಲ್ಲೂ ಇದರ ಹಳೆಯ ರೂಪವುಂಟು. ಬೆಂಗಳೂರಿನ ದಂಡು ಪ್ರದೇಶವೇ ಪರದೇಶದ ಸೈನ್ಯವೊಂದರ ವಸತಿ ಯೋಜನೆ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಪಡೆ ಜ್ವರಕ್ಕೆ ಸಿಕ್ಕಿ ನರಳಿದ ಮೇಲೆ 1809ರಲ್ಲಿ ಹಲಸೂರಿನ ಕಡೆಗೆ ನೆಲೆ ಬದಲಾಯಿತು. ಪೇಟೆಗೆ ಬೆನ್ನು ಮಾಡಿದ ಎರಡನೆಯ ಊರೊಂದು ಎದ್ದುನಿಂತಿತು. ಅಧಿಕಾರಿಗಳಿಗೆ ಬಂಗಲೆ, ಹೂದೋಟ. ಸಾಮಾನ್ಯ ಗೋರಾ ಸಿಪಾಯಿಯ ಸಂಸಾರದ ಕತೆ ಬೇರೆ. ಇಂಡಿಯಾಕ್ಕೆ ಹೊರಡುವ ಪಲ್ಟನ್ನಿನಲ್ಲಿ 100 ಮಂದಿಗೆ ಸುಮಾರು 12 ಹೆಂಡಿರಿಗಷ್ಟೇ ಹಡಗು ಹತ್ತಲು ಅವಕಾಶವಿತ್ತು. ಯಾರು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿ ಬಾರದವಳು ಬಂದರಿನಲ್ಲೇ ಉಳಿದಳು, ಮುಂದೆ ಅವಳ ಪಾಡು ಅವಳದು. ಬಂದವಳಿಗಾದರೂ ಸಿಗುತ್ತಿದ್ದುದು ಬ್ಯಾರಕ್ಕಿನ ಒಂದು ಮೂಲೆ, ಮರೆಗೆ ಒಂದು ಕಂಬಳಿ. ಆಚೆ ಬದಿಯಲ್ಲಿ ಇಪ್ಪತ್ತು ಮೂವತ್ತು ಗಂಡಸರು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಸಂಸಾರಸ್ಥರ ಕ್ವಾರ್ಟರ್ಸ್ ಬಂದವು. ದಂಡಿನೊಳಗಿನ ಖಾಸಗಿ ಮನೆಗಳನ್ನು ಸೇನಾಧಿಕಾರಿಗಳಿಗೆ ಬಾಡಿಗೆಗೆ ಕೊಡಲೇಬೇಕೆಂದು ಬಲವಂತ ಮಾಡುವ ಅಧಿಕಾರವನ್ನು ಬ್ರಿಟಿಷ್ ಸರ್ಕಾರ 1902ರಲ್ಲೂ ಮತ್ತೆ 1923ರಲ್ಲೂ ಕಾಯ್ದೆ ಮಾಡಿ ಪಡೆದುಕೊಂಡಿತು.

ಮನೆ ಕಸಿದುಕೊಳ್ಳುವುದು ಹೇಯ ಎನಿಸಿದ ಮೇಲೆ ಹೊಳೆದ ಉಪಾಯ ಬೇಲಿಯೊಳಗಿನ ಕಾಲೋನಿ. 1950ರ ದಶಕದಲ್ಲಿ ಜರ್ಮನಿಯುದ್ದಕ್ಕೂ ಅಮೆರಿಕದ ವಸತಿ ಕಾಲೋನಿಗಳೆದ್ದವು: ಮೂರು ನಾಲ್ಕು ಅಂತಸ್ತಿನ ಒಂದೇ ಅಚ್ಚಿನ ಕಟ್ಟಡಗಳು, ಶಾಲೆ, ಚರ್ಚು, ಸಿನಿಮಾ, ಡಾಲರಿನಲ್ಲಿ ನಡೆಯುವ ಅಂಗಡಿ. ಇದರಿಂದ ಜರ್ಮನರಿಗೆ ತಮ್ಮ ಮನೆಗಳು ವಾಪಸು ಸಿಕ್ಕವು. ಆ ಮಟ್ಟಿಗೆ ಒಳ್ಳೆಯದೇ ಆಯಿತು. ಊರಿನ ಬಾಡಿಗೆಯ ಮೇಲೆ ಭಾರ ಬೀಳದಿರಲು ಇದೇ ಸರಿಯಾದ ದಾರಿ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ಭಾರ ಇಳಿಯುತ್ತದೆಯೇ? ದಕ್ಷಿಣ ಕೊರಿಯಾ ನೋಡಿ. ಸೋಲ್ ನಗರದ ನಡುವಿದ್ದ ಅಮೆರಿಕದ ಪ್ರಧಾನ ಕಚೇರಿ 2018ರಲ್ಲಿ ಪ್ಯೊಂಗ್‌ಟೇಕ್ ಬಳಿಯ ಕ್ಯಾಂಪ್ ಹಂಫ್ರೀಸ್‌ಗೆ ಸ್ಥಳಾಂತರವಾಯಿತು. ಸಾವಿರ ಕೋಟಿ ಡಾಲರಿಗೂ ಮಿಕ್ಕಿದ ಆ ಯೋಜನೆಯ ಖರ್ಚಿನಲ್ಲಿ ಶೇ 90ರಷ್ಟನ್ನು ಹೊತ್ತದ್ದು ಕೊರಿಯಾ. ಬೇಲಿಯೊಳಗೆ ಕುಟುಂಬಗಳಿಗೆಂದು ಗೋಪುರದಂಥ ಅಪಾರ್ಟ್‌ಮೆಂಟುಗಳಿವೆ, ಅಚ್ಚುಕಟ್ಟಾಗಿವೆ. ನೆಲೆ ಅಷ್ಟು ಅಗಲವಾಗಲು ದೇಚುರಿ ಎಂಬ ಭತ್ತ ಬೆಳೆಯುವ ಹಳ್ಳಿ ಜಾಗ ಬಿಡಬೇಕಾಯಿತು. 2006ರ ಮೇ ತಿಂಗಳಲ್ಲಿ ಸಾವಿರಾರು ಪೊಲೀಸರು ಬಂದು, ಹೋರಾಟಗಾರರು ಸೇರಿದ್ದ ಅಲ್ಲಿನ ಶಾಲೆಯನ್ನು ಕೆಡವಿದರು. ಮರುವರ್ಷದ ಹೊತ್ತಿಗೆ ಊರೇ ಖಾಲಿ. ಬಾಡಿಗೆ ಏರಿದ್ದರೆ ಬಾಡಿಗೆದಾರರು ಒದ್ದಾಡುತ್ತಿದ್ದರು. ಇಲ್ಲಿ ಮನೆ, ಗದ್ದೆ ಎರಡೂ ಇದ್ದವರು ಎದ್ದು ಹೋದರು. ಬೇಲಿಯ ಕಾಲೋನಿಗೂ ನೆಲ ಬೇಕು, ಆ ನೆಲ ಯಾರದೋ ಆಗಿತ್ತು.

ಒಕಿನಾವಾದಲ್ಲಂತೂ ಈ ಲೆಕ್ಕ ಕಣ್ಣಿಗೆ ಹೊಡೆಯುವಂತಿದೆ. ನಾಹಾ ನಗರದಲ್ಲೇ ಮಕಿಮಿನಾಟೊ ಎಂಬ ಸೈನಿಕ ಕುಟುಂಬಗಳ ವಸತಿ ಪ್ರದೇಶವಿತ್ತು. ಸುಮಾರು 200 ಹೆಕ್ಟೇರ್ ಜಾಗದಲ್ಲಿ ದೂರದೂರಕ್ಕೆ ಒಂದೊಂದು ಮನೆ, ನಡುವೆ ಹುಲ್ಲುಹಾಸು. ಬೇಲಿಯ ಹೊರಗೆ ಉಸಿರುಗಟ್ಟುವಷ್ಟು ಕಿಕ್ಕಿರಿದ ನಗರ. 1987ರಲ್ಲಿ ಜಾಗ ಪೂರ್ತಿ ವಾಪಸು ಬಂತು. ಇವತ್ತು ಅದು ಅಂಗಡಿ, ಕಚೇರಿ, ವಸ್ತುಸಂಗ್ರಹಾಲಯ, ಅಪಾರ್ಟ್‌ಮೆಂಟುಗಳ ಹೊಸ ನಗರ. ಅಲ್ಲಿನ ಆರ್ಥಿಕ ವಹಿವಾಟು ಮೊದಲಿನ 32 ಪಟ್ಟು ಎಂದು ಒಕಿನಾವಾ ಆಡಳಿತವೇ ಲೆಕ್ಕ ಕೊಟ್ಟಿದೆ. ಅದೇ ದ್ವೀಪದಲ್ಲಿ ನನಗೆ ಹಿಡಿಸಿದ ಇನ್ನೊಂದು ಉದಾಹರಣೆಯಿದೆ. 1949ರ ಗ್ಲೋರಿಯಾ ಚಂಡಮಾರುತ ಸೈನ್ಯದ ತಗಡಿನ ಶೆಡ್ಡುಗಳನ್ನು ಹಾರಿಸಿಕೊಂಡು ಹೋದ ಮೇಲೆ ಕಾಂಕ್ರೀಟ್ ಮನೆಗಳ ಕಾಲ ಬಂತು. ಬೇಲಿಯ ಹೊರಗೂ ಸ್ಥಳೀಯರು ಅಮೆರಿಕನ್ ಕುಟುಂಬಗಳಿಗೆ ಬಾಡಿಗೆಗೆ ಕೊಡಲೆಂದೇ ಸಪಾಟು ತಾರಸಿಯ, ಒಂದೇ ಅಂತಸ್ತಿನ ಸಣ್ಣ ಮನೆಗಳನ್ನು ಸಾಲಾಗಿ ಕಟ್ಟಿದರು. ಬಾಡಿಗೆದಾರರು ಹೋದರು, ಮನೆಗಳು ಉಳಿದವು. ಉರಾಸೊಯೆಯ ಮಿನಾಟೊಗಾವಾದಲ್ಲಿ ಅಂಥ ಒಂದು ಗುಂಪು ಈಗ ಬೇಕರಿ, ಕಾಫಿ ಅಂಗಡಿ, ಹಳೆಯ ಬಟ್ಟೆಗಳ ಅಂಗಡಿಗಳಾಗಿ ಜನರಿಂದ ತುಂಬಿರುತ್ತದೆ. ಊರಿನವರು ಊರೊಳಗೆ ಕಟ್ಟಿದ್ದ ಮನೆ ಊರಿಗೇ ಒದಗಿತು.

ಹಾಗಾದರೆ ಸರ್ಕಾರವೇ ಬಾಡಿಗೆಗೆ ಹಿಡಿಯಲಿ ಎನ್ನುವಾಗ ಎರಡು ಗುಂಡಿಗಳನ್ನು ಕಂಡೇ ಹೇಳುತ್ತಿದ್ದೇನೆ. ಒಂದು ಸಿಸಿಲಿ ದ್ವೀಪದ ಮಿನೆಯೊದಲ್ಲಿದೆ. ಸಿಗೊನೆಲ್ಲಾ ನೆಲೆಯ ನೌಕಾಪಡೆ ಕುಟುಂಬಗಳಿಗೆಂದು ಇಟಲಿಯ ಕಂಪನಿಯೊಂದು ಕಿತ್ತಳೆ ತೋಟಗಳ ನಡುವೆ, ನೆಲೆಯಿಂದಲೂ ಊರಿನಿಂದಲೂ ದೂರದಲ್ಲಿ, 400ರಷ್ಟು ಮನೆಗಳನ್ನು ಕಟ್ಟಿಕೊಟ್ಟಿತು. ಅಮೆರಿಕ ಬಾಡಿಗೆಗೆ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ ಬೇಡವಾಯಿತು, ಕರಾರು ಮುಗಿಸಿತು. 2011ರಲ್ಲಿ ಇಟಲಿ ಸರ್ಕಾರ ಸಮುದ್ರ ದಾಟಿ ಬಂದ ವಲಸಿಗರನ್ನು ಅಲ್ಲಿ ತುಂಬಿತು. ಒಂದು ಹಂತದಲ್ಲಿ 4,000 ಜನರಿದ್ದ, ಯುರೋಪಿನ ಅತಿ ದೊಡ್ಡ ಆಶ್ರಯ ಕೇಂದ್ರಗಳಲ್ಲಿ ಒಂದಾಗಿದ್ದ ಆ ಜಾಗವನ್ನು 2019ರಲ್ಲಿ ಮುಚ್ಚಿದರು. ಕಾಗದದ ಮೇಲೆ ಅದು ಬಾಡಿಗೆ ಮನೆ. ನೆಲದ ಮೇಲೆ ಮತ್ತದೇ ಬೇಲಿಯ ಕಾಲೋನಿ. ಅದಕ್ಕೇ ನಾನು ಚದುರಿದ ಮನೆಗಳು ಎಂದದ್ದು: ಈ ಬೀದಿಯಲ್ಲಿ ಎರಡು, ಆ ಹಳ್ಳಿಯಲ್ಲಿ ನಾಲ್ಕು. ಸೈನ್ಯ ನಾಳೆ ಹೊರಟರೆ ಅವು ಮಾಮೂಲು ಮನೆಗಳಾಗಿ ಇನ್ನೊಬ್ಬರಿಗೆ ಹೋಗುವಂತಿರಬೇಕು.

ಎರಡನೆಯ ಗುಂಡಿ ಬ್ರಿಟನ್ನಿನದು, ಅದೂ ತವರಿನಲ್ಲೇ ತೋಡಿಕೊಂಡದ್ದು. 1996ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 57,000ಕ್ಕೂ ಹೆಚ್ಚು ಸೈನಿಕ ಕುಟುಂಬದ ಮನೆಗಳನ್ನು ಆನಿಂಗ್ಟನ್ ಎಂಬ ಒಂದೇ ಕಂಪನಿಗೆ ಸುಮಾರು 166 ಕೋಟಿ ಪೌಂಡಿಗೆ ಮಾರಿ, ಅವನ್ನೇ ಬಾಡಿಗೆಗೆ ಹಿಡಿಯಿತು. ಮನೆಯ ಬೆಲೆ ಗಗನಕ್ಕೇರಿತು, ಲಾಭ ಕಂಪನಿಗೆ. ರಿಪೇರಿಯ ಹೊಣೆ ಮಾತ್ರ ಇಲಾಖೆಗೇ ಉಳಿಯಿತು. 2025ರ ಜನವರಿಯಲ್ಲಿ ಉಳಿದಿದ್ದ 36,347 ಮನೆಗಳನ್ನು ಸರ್ಕಾರ ಸುಮಾರು 600 ಕೋಟಿ ಪೌಂಡು ಕೊಟ್ಟು ಮರಳಿ ಕೊಂಡಿತು. ಸಾವಿರ ಮನೆಗಳಿಗೆ ಒಬ್ಬನೇ ಮಾಲೀಕನಾದರೆ ಸರ್ಕಾರವೂ ಬಡಪಾಯಿ ಬಾಡಿಗೆದಾರನೇ ಆಗಿಬಿಡುತ್ತದೆ. ಸಾವಿರ ಮನೆಗಳಿಗೆ ಎಂಟುನೂರು ಮಾಲೀಕರಿದ್ದರೆ ಮಾತುಕತೆಯಲ್ಲಿ ಸರ್ಕಾರದ ಕೈ ಮೇಲಿರುತ್ತದೆ, ಅವರಲ್ಲಿ ಒಬ್ಬ ಕೈಕೊಟ್ಟರೂ ಲೋಕ ಮುಳುಗುವುದಿಲ್ಲ.

ಈ ದಾರಿ ನನ್ನ ಕಲ್ಪನೆಯಲ್ಲ. ಜರ್ಮನಿಯಲ್ಲಿದ್ದಷ್ಟು ಕಾಲ ಬ್ರಿಟಿಷ್ ಸೈನ್ಯ ತನ್ನ ಕ್ವಾರ್ಟರ್ಸ್ ಸಾಲದಾದಾಗ ಖಾಸಗಿ ಮನೆಗಳನ್ನು ತಾನೇ ಬಾಡಿಗೆಗೆ ಹಿಡಿದು ಕುಟುಂಬಗಳಿಗೆ ಕೊಡುತ್ತಿತ್ತು. ಅವಕ್ಕೆ ಹೈರಿಂಗ್ ಎನ್ನುತ್ತಿದ್ದರು. ನಮ್ಮ ಸೇನೆಯವರಿಗೂ ಹೈರ್ಡ್ ಮನೆ ಎಂದರೆ ತಿಳಿಯುತ್ತದೆ. ಗಡಿಯಲ್ಲಿ ಗಂಡನಿರುವಾಗ, ಅವನಿಂದ ದೂರವಿರುವ ಕುಟುಂಬಗಳಿಗೆಂದು ಕೊಡುವ ಎಸ್‌.ಎಫ್. ಕ್ವಾರ್ಟರ್ಸ್‌ನಲ್ಲಿ ಸಂಸಾರ ನಡೆಸಿದ ಕೊಡಗಿನ, ಬೆಳಗಾವಿಯ ಹೆಣ್ಣುಮಕ್ಕಳಿಗೆ ಮನೆ ಹಂಚಿಕೆಯ ಪಟ್ಟಿಯಲ್ಲಿ ತಮ್ಮ ಸರದಿ ಎಣಿಸುವುದೂ ಗೊತ್ತು. ಅಮೆರಿಕದಲ್ಲೂ ಸರ್ಕಾರವೇ ಲೀಸಿಗೆ ಹಿಡಿಯುವ ಪದ್ಧತಿ ಇಲ್ಲದಿಲ್ಲ. ಆದರೆ ವಿದೇಶದಲ್ಲಿ ಹಾಗೆ ಹಿಡಿಯಬಹುದಾದ ಕುಟುಂಬ ಮನೆಗಳ ಸಂಖ್ಯೆಗೂ ಬಾಡಿಗೆಗೂ ಕಾಯ್ದೆಯಲ್ಲೇ ಮಿತಿಯಿದೆ. ಭತ್ಯೆಗೆ ಹೋಗುವ ದುಡ್ಡು ಸಂಬಳದ ಲೆಕ್ಕದಲ್ಲಿ ಸದ್ದಿಲ್ಲದೆ ಸಂದಾಯವಾಗುತ್ತದೆ. ಲೀಸಿನ ದುಡ್ಡಿಗೆ ಪ್ರತಿ ವರ್ಷ ಮಂಜೂರಾತಿ ಕೇಳಬೇಕು. ಮನೆಗಳನ್ನು ಹಿಡಿಯದಿರಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಖಾಲಿ ಬಿದ್ದ ತಿಂಗಳುಗಳ ಬಾಡಿಗೆ ದಂಡವಲ್ಲವೇ ಎಂದು ಕೇಳಬಹುದು. ಹೌದು, ಒಂದು ಕುಟುಂಬ ಹೋಗಿ ಇನ್ನೊಂದು ಬರುವ ನಡುವೆ ತಿಂಗಳೊಪ್ಪತ್ತು ಮನೆ ಸುಮ್ಮನಿರುತ್ತದೆ. ಈಗ ಅದೇ ಹೊತ್ತಿನಲ್ಲಿ ಹೊಸ ಕುಟುಂಬ ಹೋಟೆಲಿನಲ್ಲಿ ಕೂತು ಊಟದ ಖರ್ಚನ್ನೂ ಸೇರಿಸಿ ಸರ್ಕಾರದ ದುಡ್ಡು ತಿನ್ನುತ್ತಿರುತ್ತದೆ, ಅದನ್ನು ಯಾರೂ ದಂಡ ಎನ್ನುವುದಿಲ್ಲ. ಆಯ್ಕೆಯ ಸ್ವಾತಂತ್ರ್ಯದ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಶಾಲೆಗೆ ಹತ್ತಿರ ಬೇಕೆನ್ನುವವರು, ಕಾಡಿನಂಚು ಬೇಕೆನ್ನುವವರು, ಎರಡು ದೊಡ್ಡ ನಾಯಿ ಇರುವವರು ಎಲ್ಲರಿಗೂ ಕಚೇರಿ ಕೈಗಿಟ್ಟ ಬೀಗದ ಕೈ ಒಪ್ಪಿಗೆಯಾಗಲಾರದು. ಎರಡು ಮೂರು ಮನೆ ತೋರಿಸಲಿ. ಯಾವುದೂ ಬೇಡ ಎಂದವರಿಗೆ ಭತ್ಯೆಯ ದಾರಿ ತೆರೆದಿರಲಿ, ಆದರೆ ಅದು ಉಳಿತಾಯದಲ್ಲಿ ಒಂದು ಪಾಲು ಅವರಿಗೂ ಸಿಗುವಂಥ ಭತ್ಯೆಯಾಗಲಿ. ಆಗ ಚೌಕಾಸಿ ಮಾಡಲು ಯಾರಿಗಾದರೂ ಒಂದು ಕಾರಣವಿರುತ್ತದೆ.

ಬಹರೇನ್‌ನಂಥ ಜಾಗದಲ್ಲಿ ಈ ವಾದಕ್ಕೆ ಇನ್ನೊಂದು ತೂಕ ಬರುತ್ತದೆ. ಅಲ್ಲಿ ಅಮೆರಿಕದ ಐದನೆಯ ನೌಕಾಪಡೆಯ ಕೇಂದ್ರವಿದೆ. ಕುಟುಂಬಗಳು ಮನಾಮಾ ನಗರದ ಜುಫೈರ್ ಮುಂತಾದ ಬಡಾವಣೆಗಳ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುತ್ತವೆ. ದಶಕಗಳಿಂದ ಅದೇ ನಗರದಲ್ಲಿರುವ ಮಂಗಳೂರು, ಉಡುಪಿ ಕಡೆಯವರಿಗೆ ಸಂಸಾರ ಕರೆಸಿಕೊಳ್ಳಲು ಇಷ್ಟು ಸಂಬಳವಾದರೂ ಇರಬೇಕು ಎಂಬ ನಿಯಮವುಂಟು. ನಾವಿಕನಿಗೆ ಅವನ ಮೇಲಧಿಕಾರಿಗಳ ಅನುಮತಿ ಬೇಕು. ಹೆಂಡತಿ ಮಕ್ಕಳ ಜೊತೆ ಬದುಕುವುದು ಇಬ್ಬರಿಗೂ ಯಾರೋ ಮಂಜೂರು ಮಾಡಬೇಕಾದ ಸಂಗತಿ. 2004ರ ಜುಲೈನಲ್ಲಿ ಅಮೆರಿಕದ ಕುಟುಂಬಗಳಿಗೆ ಬಹರೇನ್ ಬಿಟ್ಟು ಹೊರಡಿ ಎಂಬ ಆದೇಶ ಬಂತು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕಾಳಗ ಶುರುವಾಗುವ ಹೊತ್ತಿಗೆ, ಬಯಸಿದವರು ಹೊರಡಬಹುದು ಎಂದಾಯಿತು. ಸೂಟ್‌ಕೇಸು ಹಿಡಿದು ವಿಮಾನ ಹತ್ತಿದ ಮೇಲೆ ಉಳಿದ ಬಾಡಿಗೆ, ಕರೆಂಟ್ ಬಿಲ್ಲು, ಠೇವಣಿ, ಒಳಗಿರುವ ಸಾಮಾನು ಎಲ್ಲವೂ ಕರಾರಿಗೆ ಸಹಿ ಹಾಕಿದವನ ತಲೆಯ ಮೇಲೆ. ಇಂಥ ಹೊತ್ತಿಗೆಂದು ಕರಾರಿನಲ್ಲಿ ಮಿಲಿಟರಿ ಕ್ಲಾಜ್ ಎಂಬ ಷರತ್ತು ಬರೆಸುತ್ತಾರೆ. ಅದು ಸೈನಿಕನನ್ನು ಬಿಡಿಸುತ್ತದೆ, ಮಾಲೀಕನ ನಷ್ಟವನ್ನು ಯಾರು ತುಂಬಬೇಕೆಂದು ಹೇಳುವುದಿಲ್ಲ. ಮಾಲೀಕ ಆ ನಷ್ಟವನ್ನು ಮೊದಲೇ ಬಾಡಿಗೆಯಲ್ಲಿ ಸೇರಿಸಿಕೊಂಡಿದ್ದರೆ ಅವನನ್ನು ದೂರಲಾಗದು. ತೆರವಿನ ಆದೇಶ ಬಂದ ಮೇಲೂ ಮೂರು ತಿಂಗಳ ಬಾಡಿಗೆ ಸಲ್ಲುತ್ತದೆ, ಬದಲಿಗೆ ಬಾಡಿಗೆ ಇಷ್ಟಕ್ಕೆ ಇಳಿಯಬೇಕು ಎಂದು ನೆಲೆಯ ಕಚೇರಿ ಅವನೊಡನೆ ಒಪ್ಪಂದ ಮಾಡಿಕೊಳ್ಳಬಲ್ಲದು. ಒಬ್ಬ ಸಾರ್ಜೆಂಟ್ ಅಂಥ ಮಾತು ಕೊಡಲಾರ.